ಜಲಜಕ್ಕ ಒರೆಸಿದ ಓಲೆಗರಿ

“ಖಾಡಿ ಬ್ರಿಜ್ ಬಂದ ಕೂಡ್ಲೆ ನೀವು ನನಗೆ ಅಡ್ಡ ನಿಲ್ಲಿ ಮಾರಾಯ್ರೆ. ಯಾರಿಗೂ ಕಾಣ್ಬಾರ್ದು. ನಾನು ಬಿಸಾಡಿ ಬಿಡ್ತೇನೆ.”

ಕಳೆದ ವಾರ ಡೊಂಬಿವಲಿಯ ನನ್ನ ಅಡುಗೆಮನೆಯಲ್ಲಿ ನಿಂತು ಹೀಗೆ ಪಿಸುಗುಟ್ಟಿದವರು ಎದುರು ಮನೆಯ ಜಲಜಕ್ಕ. ಉಡುಪಿ ಕಡೆಯವರು. ಇರುವೆ ಕಂಡರೆ ಪಕ್ಕಕ್ಕೆ ಸರಿದು ನಡೆಯುವ ಹೆಂಗಸು. ಕೈಯಲ್ಲಿ ಕೆಂಪು ಬಟ್ಟೆ ಸುತ್ತಿದ ಉದ್ದನೆಯ ಗಂಟು. ಇಂಥವರು ಲೋಕಲ್ ಟ್ರೇನಿನಿಂದ ಖಾಡಿಯ ಹಿನ್ನೀರಿಗೆ ಕದ್ದುಮುಚ್ಚಿ ಬಿಸಾಡುವಂಥದ್ದು ಏನಿರಬಹುದು? (ಆಗ ನನ್ನ ತಲೆಗೆ ಬಂದದ್ದನ್ನೆಲ್ಲ ಇಲ್ಲಿ ಬರೆದರೆ ನಾಳೆಯಿಂದ ನನಗೆ ನೀರುದೋಸೆ ಬಂದ್.)

ಗಂಟಿನಲ್ಲಿ ಇದ್ದದ್ದು ತಾಳೆಗರಿಯ ಕಟ್ಟು. ಜಲಜಕ್ಕನ ಗಂಡನ ಮನೆತನದ್ದು. ಮೇಲೊಂದು, ಕೆಳಗೊಂದು ಮರದ ಪಟ್ಟಿ, ನಡುವೆ ಗರಿಗಳು, ಗರಿಯ ತೂತಿನೊಳಗಿಂದ ಹಾದು ಬಂದ ದಾರ. ಯಾರು ಬರೆದದ್ದು, ಏನು ಬರೆದದ್ದು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ದೇವರ ಗೂಡಿನಲ್ಲಿ ಇತ್ತು, ನವರಾತ್ರಿಯಲ್ಲಿ ಹೊರಗೆ ಬಂದು ಪೂಜೆ ಮಾಡಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು.

“ಅದನ್ಯಾಕ್ರೀ ಬಿಸಾಕ್ತೀರಾ?” ಎಂದೆ.

ಜಲಜಕ್ಕ ದಾರ ಬಿಚ್ಚಿ ಒಂದು ಗರಿ ತೋರಿಸಿದರು. ಬೋಳು. ಇನ್ನೊಂದು ತೋರಿಸಿದರು. ಅದೂ ಬೋಳು. ಒಣಗಿದ ಹುಲ್ಲಿನ ಬಣ್ಣದ ಖಾಲಿ ಪಟ್ಟಿಗಳು.

“ಅಕ್ಷರ ಇತ್ತು. ಕಪ್ಪಗೆ, ಮುತ್ತಿನ ಹಾಗೆ ಇತ್ತು. ನಾನೇ ಒರೆಸಿದ್ದು!” ಎಂದವರು ಸೆರಗು ಬಾಯಿಗೆ ಒತ್ತಿಕೊಂಡರು.

ಆದದ್ದು ಇಷ್ಟು. ಅತ್ತೆ ಇರುವ ತನಕ ಪ್ರತಿ ನವರಾತ್ರಿಗೆ ಗರಿಗಳಿಗೆಲ್ಲ ಎಣ್ಣೆ, ದೀಪದ ಮಸಿ ಸವರುತ್ತಿದ್ದರು. ಮಕ್ಕಳ ಕೆನ್ನೆಗೆ ದೃಷ್ಟಿಬೊಟ್ಟು ಇಡುವುದಿಲ್ಲವೇ, ಇದೂ ಹಾಗೇ ಇರಬೇಕು ಎಂದು ಸೊಸೆ ಅಂದುಕೊಂಡರು. ಅತ್ತೆ ಹೋದ ಮೇಲೆ ಮಸಿ ನಿಂತಿತು. ಎಣ್ಣೆಗೆ ಜಿರಲೆ ಬರುತ್ತದೆಂದು ಎಣ್ಣೆಯೂ ನಿಂತಿತು. ಅದರ ಬದಲು ಜಲಜಕ್ಕ ಮಡಿಯಲ್ಲಿ ಕುಳಿತು ಒಂದೊಂದೇ ಗರಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಕುಂಕುಮ ಇಟ್ಟು ಕೈ ಮುಗಿಯತೊಡಗಿದರು. ಎಂಥ ಭಕ್ತಿ! ವರ್ಷ ಹೋದ ಹಾಗೆ ಅಕ್ಷರ ಮಾಸಿತು. ಕಣ್ಣಿಗೆ ಪೊರೆ ಬಂದಿರಬೇಕೆಂದು ಆಪರೇಷನ್ ಮಾಡಿಸಿಕೊಂಡರು. ಪೊರೆ ಹೋದ ಮೇಲೂ ಅಕ್ಷರ ಕಾಣಲಿಲ್ಲ.

ಈಗ ನಮ್ಮ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗುತ್ತಿದೆ, ಕೆಡವಿ ಹೊಸದಾಗಿ ಕಟ್ಟುತ್ತಾರೆ. ಜಲಜಕ್ಕ ಠಾಕುರ್ಲಿಯ ಬಾಡಿಗೆ ಮನೆಗೆ ಹೊರಟಿದ್ದಾರೆ. ಐರೋಲಿಯಲ್ಲಿರುವ ಅವರ ಗಂಡನ ಅಕ್ಕ, ಸುಮತಿ ಅತ್ತಿಗೆ, ಫೋನ್ ಮಾಡಿದ್ದರು: “ಮನೆ ಸಾಗಿಸುವಾಗ ಕಟ್ಟು ಹಾಳಾದೀತು, ನಾನು ಬಂದು ತಗೊಂಡು ಹೋಗ್ತೇನೆ.” ಗಂಡ ಈಗಿಲ್ಲ. ಅವರ ಮನೆಯದೆಂದು ಜಲಜಕ್ಕನ ಕೈಯಲ್ಲಿ ಉಳಿದದ್ದು ಇದೊಂದೇ. ಅದನ್ನು ಬೋಳು ಮಾಡಿ ಆ ಅತ್ತಿಗೆಯ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಅದಕ್ಕೇ ಈ ಖಾಡಿ ಪ್ಲಾನ್. ಗೆದ್ದಲು ತಿಂದಿತು ಎಂದುಬಿಟ್ಟರೆ ಮುಗಿಯಿತು.

ನಮ್ಮ ಕಡೆಯ ರೂಢಿ ನಿಮಗೆ ಗೊತ್ತೇ ಇದೆ. ಟ್ರೇನು ಖಾಡಿ ದಾಟುವಾಗ ದೇವರ ಮೇಲಿನ ಬಾಡಿದ ಹೂವಿನಿಂದ ಹಿಡಿದು ಒಡೆದ ಫೋಟೋವರೆಗೆ ಎಲ್ಲವನ್ನೂ ನೀರಿಗೆ ಎಸೆದು ಕೈ ಮುಗಿಯುವವರಿದ್ದಾರೆ. ಬೇಡವಾದ ದೇವರಿಗೆ ನಾವು ತೋರಿಸುವ ಮರ್ಯಾದೆ ಅಷ್ಟೇ. ನಾನು ಬೇಡ ಎಂದೆ, ಬುದ್ಧಿ ಹೇಳಿದೆ. ಕೊನೆಗೆ ಚಪ್ಪಲಿ ಮೆಟ್ಟಿ ಜೊತೆಗೇ ಹೊರಟೆ. (ಬುದ್ಧಿ ಹೇಳುವವರ ಹಣೆಬರಹವೇ ಇಷ್ಟು.)

ಆದರೆ ಡೊಂಬಿವಲಿಯಲ್ಲಿ ಲೇಡೀಸ್ ಡಬ್ಬಿ ಹತ್ತಿದವರು ಬಾಗಿಲ ಹತ್ತಿರ ತಮಗೆ ಬೇಕಾದ ಕಡೆ ನಿಲ್ಲುವುದುಂಟೇ? ಜನ ನಮ್ಮನ್ನು ಒಳಗೆ ತಳ್ಳಿದರು. ಜಲಜಕ್ಕ ಗಂಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಿಂತಿದ್ದರು. ಕಿಟಕಿ ಪಕ್ಕ ಕುಳಿತಿದ್ದ ಮರಾಠಿ ಹೆಂಗಸೊಬ್ಬಳು ಕೆಂಪು ಬಟ್ಟೆ ನೋಡಿದಳು.

“ದೇವಾಚಂ ಆಹೆ ಕಾ?” ದೇವರದ್ದಾ ಎಂದು ಕೇಳಿದಳು.

ಜಲಜಕ್ಕ ಹೌದೆಂದು ತಲೆಯಾಡಿಸಿದರು.

ಆಕೆ ಎದ್ದು ನಿಂತಳು! ಆ ಹೊತ್ತಿನ ಟ್ರೇನಿನಲ್ಲಿ, ಆ ನೂಕುನುಗ್ಗಲಿನಲ್ಲಿ, ಕಿಟಕಿ ಸೀಟು ಬಿಟ್ಟು! ಗಂಟನ್ನು ತಾನೇ ಒಮ್ಮೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, “ಬಸಾ ಬಸಾ” ಎಂದು ಜಲಜಕ್ಕನನ್ನು ಕೂರಿಸಿದಳು. ಖಾಡಿ ಬಂತು. ಕಿಟಕಿಯ ಆಚೆ ನೀರು ಹೊಳೆಯಿತು. ನಾನು ಜಲಜಕ್ಕನನ್ನೇ ನೋಡುತ್ತಿದ್ದೆ. ಅವರು ಗಂಟಿನ ಮೇಲಿಟ್ಟ ಕೈ ತೆಗೆಯಲಿಲ್ಲ.

ಥಾಣೆ ಸ್ಟೇಷನ್ನಿನಲ್ಲಿ ಇಳಿದಾಗ ಹೇಳಿದರು: “ಗುರ್ತ ಇಲ್ಲದವಳು ಎದ್ದು ಜಾಗ ಕೊಟ್ಳು. ನಾನು ಬಿಸಾಡುದು ಹೇಗೆ? ಬನ್ನಿ, ಐರೋಲಿಗೆ ಹೋಗುವ. ಬೈದ್ರೆ ಬೈಸಿಕೊಳ್ತೇನೆ.”

ಸುಮತಿ ಅತ್ತಿಗೆಯನ್ನು ನಾನು ನೋಡಿದ್ದು ಅದೇ ಮೊದಲು. ಬಿಗಿದು ಕಟ್ಟಿದ ತುರುಬು, ಸುಮ್ಮನೆ ನೋಡಿದರೂ ಸಿಟ್ಟಿನಲ್ಲಿ ಇದ್ದಂತೆ ಕಾಣುವ ಮುಖ. ತುಳುವಿನಲ್ಲಿ ಶುರುವಾದ ಮಾತು ನನ್ನ ದಾಕ್ಷಿಣ್ಯಕ್ಕೆ ಕನ್ನಡಕ್ಕೆ ತಿರುಗಿತು. ಜಲಜಕ್ಕ ನಿಂತೇ ಎಲ್ಲವನ್ನೂ ಹೇಳಿದರು. ಖಾಡಿಯ ವಿಷಯವನ್ನೂ ಬಿಡಲಿಲ್ಲ. ಅತ್ತಿಗೆ ಒಂದು ಬೋಳು ಗರಿ ಕೈಗೆ ತೆಗೆದುಕೊಂಡು ಅದರ ಮೇಲೆ ಹೆಬ್ಬೆರಳು ಆಡಿಸಿದರು.

“ಸೋಪು ಹಾಕಿ ಉಜ್ಜಿದ್ದಾ?”

“ಇಲ್ಲ ಅತ್ತಿಗೆ. ಬರೇ ನೀರು.”

“ಹಾಗಾದ್ರೆ ದೀಪ ಹಚ್ಚು.”

ದೀಪ ಹಚ್ಚಿದರು. ಅದರ ಮೇಲೆ ಸ್ಟೀಲಿನ ತಟ್ಟೆ ಕವುಚಿ ಹಿಡಿದರು. ಮಸಿ ಕಟ್ಟಿತು. ಇನ್ನು ಎಣ್ಣೆ. ಮಜ್ಜಿಗೆ ಹುಲ್ಲಿನ ಎಣ್ಣೆ ಆದರೆ ಹುಳ ಹತ್ತಿರ ಸುಳಿಯುವುದಿಲ್ಲ ಎಂದರು ಅತ್ತಿಗೆ. ಐರೋಲಿಯಲ್ಲಿ ಅದಕ್ಕೆಲ್ಲಿಗೆ ಹೋಗುವುದು? ಹೊರಗಿನ ಕೋಣೆಯಲ್ಲಿ ಅವರ ಸೊಸೆಯ, ಪರಿಮಳದ ಹೊಗೆ ಬಿಡುವ ಡಿಫ್ಯೂಸರ್ ಇತ್ತು, ಪಕ್ಕದಲ್ಲಿ ಲೆಮನ್‌ಗ್ರಾಸ್ ಆಯಿಲಿನ ಪುಟ್ಟ ಬಾಟಲಿ. “ಇದೇ ಮಾರಾಯ್ತಿ ಅದು! ಇವರು ಹೊಗೆ ಮಾಡಿ ಗಾಳಿಗೆ ಬಿಡುದು,” ಎಂದು ಅತ್ತಿಗೆ ಕೆಲವು ಹನಿ ಮಸಿಗೆ ಬಿಟ್ಟು ಬೆರಳಲ್ಲಿ ಕಲಸಿದರು. ಆಮೇಲೆ ಗರಿಯ ಉದ್ದಕ್ಕೂ ಬಳಿದರು. ಇದ್ದ ಬೋಳು ಗರಿಯೂ ಹೋಗಿ ಕಪ್ಪು ಪಟ್ಟಿ ಉಳಿಯಿತು. ಜಲಜಕ್ಕ ಕಣ್ಣು ಮುಚ್ಚಿಕೊಂಡರು. ಮುಗಿದೇ ಹೋಯಿತು ಎಂದು ನಾನೂ ಅಂದುಕೊಂಡೆ.

“ಈಗ ನೀನು ಒರೆಸು,” ಎಂದರು ಅತ್ತಿಗೆ.

“ನಾನಾ? ಪುನಃ?”

“ಒಣ ಬಟ್ಟೆಯಲ್ಲಿ. ಹಗೂರ.”

ಜಲಜಕ್ಕ ಬಟ್ಟೆ ತೆಗೆದುಕೊಂಡರು. ಒರೆಸಿದ ಹಾಗೆ ಮೇಲಿನ ಮಸಿಯೆಲ್ಲ ಬಟ್ಟೆಗೆ ಬಂತು. ಗರಿಯಲ್ಲಿ ಅಕ್ಷರ ಉಳಿಯಿತು! ಒಂದರ ಪಕ್ಕ ಒಂದು, ಸಾಲಿನ ಕೆಳಗೆ ಸಾಲು, ಉರುಟುರುಟಾದ ಕಪ್ಪು ಅಕ್ಷರ. ಜಲಜಕ್ಕ ಬಟ್ಟೆ ಹಿಡಿದುಕೊಂಡೇ ಗಳಗಳ ಅತ್ತರು.

ಆಮೇಲೆ ಅತ್ತಿಗೆ ಹೇಳಿದ್ದು ಕೇಳಿ. ಗರಿಯ ಮೇಲೆ ಶಾಯಿಯಲ್ಲಿ ಬರೆಯುವುದೇ ಇಲ್ಲವಂತೆ. ಬೇಯಿಸಿ, ಒಣಗಿಸಿ, ಉಜ್ಜಿ ನಯ ಮಾಡಿದ ಗರಿಯ ಮೇಲೆ ಕಂಟ ಎನ್ನುವ ಕಬ್ಬಿಣದ ಮೊನೆಯಲ್ಲಿ ಕೊರೆಯುವುದು. ಕೊರೆಯುವಾಗ ಬಣ್ಣವಿಲ್ಲ, ಗೀರಿನಲ್ಲಿ ಮಸಿ ನಿಂತಾಗಲೇ ಅಕ್ಷರ; ಜಲಜಕ್ಕ ಒರೆಸಿದ್ದು ಆ ಮಸಿಯನ್ನಷ್ಟೇ, ಗೀರು ಹಾಗೇ ಇತ್ತು. ಬರೆಯುವವನಿಗೆ ತಾನು ಬರೆದದ್ದು ತನಗೇ ಸರಿಯಾಗಿ ಕಾಣುವುದಿಲ್ಲ. ಒತ್ತು ಹೆಚ್ಚಾದರೆ ಗರಿ ಸೀಳುತ್ತದೆ, ಕಡಿಮೆಯಾದರೆ ಮಸಿ ನಿಲ್ಲುವುದಿಲ್ಲ. ಅಕ್ಷರ ತಪ್ಪಿದರೆ ತಪ್ಪಿತು. ಪೂರ್ತಿ ಬರೆದು, ಮಸಿ ಸವರಿ ಒರೆಸಿದಾಗಲೇ ಏನಾಗಿದೆ ಎಂದು ಗೊತ್ತಾಗುವುದು. ಇಷ್ಟೊಂದು ಗರಿಗಳನ್ನು, ಆ ಪುಣ್ಯಾತ್ಮ ಬೆರಳಿನ ಅಂದಾಜಿನಲ್ಲೇ ಬರೆದಿದ್ದ! ನಾನು ಒಂದು ಮೆಸೇಜ್ ಕಳಿಸುವ ಮೊದಲು ಎಷ್ಟು ಸಲ ಅಳಿಸುತ್ತೇನೆ ಎಂದು ಕೇಳಬೇಡಿ.

ಏನು ಬರೆದಿದೆ? ಹಳೆಯ ಕೈಬರಹ. ಮೂವರೂ ತಲೆಗೆ ತಲೆ ಸೇರಿಸಿ ಕುಳಿತು ಕಷ್ಟಪಟ್ಟು ಓದಿದ್ದು ಒಂದು ‘ಶ್ರೀ’ ಮಾತ್ರ. ಓದುವವರನ್ನು ಹುಡುಕಬೇಕು. ನಿಮ್ಮಲ್ಲಿ ಯಾರಾದರೂ ಇದ್ದರೆ ಜಲಜಕ್ಕನ ನೀರುದೋಸೆ ಗ್ಯಾರಂಟಿ.

ಹೊರಡುವಾಗ ಜಲಜಕ್ಕ ಕಟ್ಟನ್ನು ಅತ್ತಿಗೆಯ ದೇವರ ಮುಂದೆ ಇಟ್ಟು ಕೈ ಮುಗಿದರು. ಅತ್ತಿಗೆ ಅದನ್ನೆತ್ತಿ ಮತ್ತೆ ಅವರ ಕೈಗೇ ಕೊಟ್ಟರು.

“ಮಸಿ ಯಾರು ಬೇಕಾದ್ರೂ ಬಳೀತಾರೆ. ಒರೆಸ್ಲಿಕ್ಕೆ ಹಗೂರದ ಕೈ ಬೇಕು. ಅಷ್ಟು ವರ್ಷ ಒರೆಸಿದ್ದಿ, ಒಂದು ಗರಿ ಮುರೀಲಿಲ್ಲ ನೋಡು. ಠಾಕುರ್ಲಿಗೇ ತಗೊಂಡು ಹೋಗು. ನವರಾತ್ರಿಗೆ ಮಸಿ ಮರೀಬೇಡ.”

ಬರುವಾಗ ಜಲಜಕ್ಕ ದಾರಿಯುದ್ದಕ್ಕೂ ಕಪ್ಪಾದ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. ನನಗೋ ಆ ಬರೆದವನದೇ ಯೋಚನೆ. ತನ್ನ ಕಣ್ಣಿಗೇ ಕಾಣದ ಅಕ್ಷರ ಕೊರೆದಿಟ್ಟು ಆತ ಹೋಗಿಬಿಟ್ಟ. ಮುಂದೆ ಯಾವುದೋ ಮನೆಯ ಸೊಸೆ ವರ್ಷಕ್ಕೊಮ್ಮೆ ಮಸಿ ಸವರುತ್ತಾಳೆ ಎಂಬುದೊಂದೇ ಅವನ ಧೈರ್ಯ.

ಡಿಲೀಟ್ ಬಟನ್ ಬೆರಳಡಿಯಲ್ಲೇ ಇಟ್ಟುಕೊಂಡು ಬರೆಯುವ ನಾವು ಯಾರನ್ನು ನಂಬಿ ಬರೆಯುತ್ತಿದ್ದೇವೆ?