ಒಂಬತ್ತನೆಯ ಚಿತ್ರದ ನಾಯಿ

ವಿಮಾ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಕಡತಗಳ ನಡುವೆ ಕಳೆದು ನಿವೃತ್ತರಾದ ಶ್ರೀಕಂಠಯ್ಯನವರಿಗೆ ತಪ್ಪದ ನೇಮಗಳು ಎರಡು: ದಿನವೂ ಸಂಧ್ಯಾವಂದನೆ, ಭಾನುವಾರ ಪದಬಂಧ. ಮೊದಲನೆಯದು ಸಿ.ವಿ. ರಾಮನ್ ನಗರದ ಅವರ ಮನೆಯ ದೇವರ ಗೂಡಿನ ಮುಂದೆ ನಡೆಯುತ್ತಿತ್ತು. ಎರಡನೆಯದಕ್ಕೆ ಕಗ್ಗದಾಸಪುರದ ಮುಖ್ಯರಸ್ತೆಯವರೆಗೆ ನಡೆದುಹೋಗಿ, ಮುನಾವರನ ಸೈಬರ್ ಸೆಂಟರಿನಲ್ಲಿ ಮೂಲೆಯ ಕಂಪ್ಯೂಟರಿನ ಮುಂದೆ ಕೂರಬೇಕಾಗಿತ್ತು.

ಅದು ಎರಡು ಸಾವಿರದ ಐದನೆಯ ಇಸವಿ. 'ಚಿತ್ರಬಂಧ ಬಳಗ' ಎಂಬ ಇ-ಮೇಲ್ ಗುಂಪಿನಲ್ಲಿ ಅರವತ್ತು ಮಂದಿ ಇದ್ದರು. ಒಬ್ಬರ ಮುಖವನ್ನು ಮತ್ತೊಬ್ಬರು ಕಂಡವರಲ್ಲ. ಪ್ರತಿ ಭಾನುವಾರ ಬೆಳಗ್ಗೆ ಒಂದು ಪದಬಂಧ ಬರುತ್ತಿತ್ತು. ಅದರ ಸುಳಿವುಗಳಲ್ಲಿ ಮಾತಿರುತ್ತಿರಲಿಲ್ಲ, ಬರಿಯ ಚಿತ್ರಗಳು. ಬುಧವಾರ ಸಂಜೆ ಆರರೊಳಗೆ ಉತ್ತರ ಕಳುಹಿಸಬೇಕು, ಕೊನೆಯಲ್ಲಿ 'ಇದನ್ನು ನಾನೊಬ್ಬನೇ ಬಿಡಿಸಿದ್ದೇನೆ' ಎಂದು ಬರೆಯಬೇಕು. ಎಲ್ಲವನ್ನೂ ಸರಿಯಾಗಿ ತುಂಬಿ ಮೊದಲು ಕಳುಹಿಸಿದವರಿಗೆ ಮುಂದಿನ ಪದಬಂಧವನ್ನು ಕಟ್ಟುವ ಸರದಿ. ಕೊನೆಯ ಆ ಸಾಲಿಲ್ಲದ ಉತ್ತರಕ್ಕೆ ಸರದಿಯಿಲ್ಲ. ಬಳಗ ನಡೆಸುತ್ತಿದ್ದ ಪೀರಪ್ಪನವರು ಇದರಲ್ಲಿ ಯಾರಿಗೂ ವಿನಾಯಿತಿ ತೋರಿದವರಲ್ಲ.

ಶ್ರೀಕಂಠಯ್ಯನವರಿಗೆ ಬೇಕಾಗಿದ್ದುದು ಆ ಸರದಿಯೊಂದೇ. ಸೇರಿದ ಮೊದಲ ವರ್ಷವೇ ಕಚೇರಿಯ ಹಳೆಯ ಡೈರಿಯೊಂದರಲ್ಲಿ ಅವರು ದೇವಾಲಯದ ವಾದ್ಯಗಳ ಪದಬಂಧವನ್ನು ಕಟ್ಟಿಟ್ಟಿದ್ದರು: ಶಂಖ, ಜಾಗಟೆ, ಮೌರಿ, ಎಲ್ಲಕ್ಕೂ ಸ್ಕೇಲಿಟ್ಟು ಎಳೆದ ಚೌಕಗಳು. ಮೂರು ವರ್ಷ ಕಳೆದಿತ್ತು. ಒಮ್ಮೆ ಒಂದು ಪದ ತಪ್ಪುತ್ತಿತ್ತು, ಒಮ್ಮೆ ಬೇರೆ ಯಾರೋ ಮುಂದಾಗುತ್ತಿದ್ದರು. ಡೈರಿ ಬೀರುವಿನಲ್ಲಿಯೇ ಇತ್ತು.

ಆ ಭಾನುವಾರದ ವಿಷಯ ನಾಯಿಯ ನುಡಿಗಟ್ಟುಗಳು. ಪ್ರಿಂಟರಿನಿಂದ ಒಂಬತ್ತು ನಾಯಿಗಳು ಸಾಲಾಗಿ ಹೊರಬಂದುದನ್ನು ಕಂಡು ಮುನಾವರನಿಗೆ ನಗು ತಡೆಯಲಾಗಲಿಲ್ಲ.

"ಏನ್ ಸಾರ್, ಬೀದೀಲಿ ನಾಯಿ ಕಂಡ್ರೆ ಆ ಕಡೆ ಫುಟ್‌ಪಾತ್‌ಗೆ ಹೋಗ್ತೀರ, ಇಲ್ಲಿ ಪ್ರಿಂಟ್ ತಗೋತೀರ!"

"ಕಾಗದದ ನಾಯಿ ಮೈಮೇಲೆ ಬರಲ್ಲಪ್ಪ."

ಮುನಾವರ ಹೇಳಿದ್ದು ನಿಜವೇ. ಹಲಸೂರಿನ ಗುಡಿಯಲ್ಲಿ ಭೈರವನ ಕಾಲ ಬಳಿಯಿದ್ದ ಕಲ್ಲಿನ ನಾಯಿಗೆ ಅವರು ಕೈಮುಗಿಯುತ್ತಿದ್ದರು. ಜೀವವಿರುವ ನಾಯಿಯ ಬಾಲ ಪಂಚೆಗೆ ತಗುಲಿದರೆ ಮನೆಗೆ ಬಂದು ಸ್ನಾನ ಮಾಡುತ್ತಿದ್ದರು. ನಾಯಿಯನ್ನು ನಿಂತು ನೋಡಿದ್ದು ಅವರ ಅರವತ್ತೊಂದು ವರ್ಷಗಳಲ್ಲಿ ಒಮ್ಮೆಯೂ ಇಲ್ಲ.

ಆದರೂ ಎಂಟು ಚಿತ್ರಗಳು ಮಂಗಳವಾರದ ಹೊತ್ತಿಗೆ ಮಣಿದವು. ಕೊಡೆ ಹಿಡಿದು ನಿಂತದ್ದು ನಾಯಿಕೊಡೆ. ಔಷಧದ ಸೀಸೆಯ ಪಕ್ಕದಲ್ಲಿ ಮಗುವಿನೊಡನೆ ಬಾಯಿ ತೆರೆದದ್ದು ನಾಯಿಕೆಮ್ಮು. ಸುರಿಯುವ ಮಳೆಯಲ್ಲಿ ನೆಂದು ಬಾಗಿಲಿಂದ ಬಾಗಿಲಿಗೆ ಅಲೆಯುವ ಮನುಷ್ಯನ ನೆರಳು ನಾಯಿಯಂತಿದ್ದುದು ನಾಯಿಪಾಡು. ಒಂಬತ್ತನೆಯದು ಮಾತ್ರ ಒಲಿಯಲಿಲ್ಲ. ಗೇಟಿನ ಬಳಿ ನಾಯಿಯೊಂದು ಸುರುಳಿಯಾಗಿ ಮಲಗಿದೆ; ಕಣ್ಣು ಮುಚ್ಚಿದೆ; ಒಂದು ಕಿವಿ ಮಾತ್ರ ನೆಟ್ಟಗೆ ನಿಂತಿದೆ. ದೂರದಲ್ಲಿ ಯಾರದೋ ಒಂದು ಹೆಜ್ಜೆ. ಅವರು 'ನಾಯಿಬುದ್ಧಿ' ಎಂದು ಬರೆದರು, ಅಡ್ಡ ಬಂದ ಪದಕ್ಕೆ ಹೊಂದದೆ ಅಳಿಸಿದರು. ನಿಘಂಟು ತೆರೆದರು. ಅದರಲ್ಲಿ ನಾಯಿಗೆ ಹತ್ತಾರು ಹೆಸರುಗಳಿದ್ದವು. ಅದು ಹೇಗೆ ಮಲಗುತ್ತದೆ ಎಂಬುದು ಇರಲಿಲ್ಲ.

ಬುಧವಾರ ಮಧ್ಯಾಹ್ನ ಪೀರಪ್ಪನವರ ಇ-ಮೇಲ್ ನೋಡಿಕೊಂಡು ಬಂದರು: 'ಇದುವರೆಗೆ ಯಾರ ಉತ್ತರವೂ ಪೂರ್ಣವಾಗಿಲ್ಲ.' ಕಾಗದವನ್ನು ಮೇಜಿನ ಮೇಲೆ ಹರಡಿಕೊಂಡು ಕೂತರು. ಎಲೆ ಹಾಕಲು ಬಂದ ಅವರ ಪತ್ನಿ ಅಮ್ಮಣ್ಣಿಯವರು ಅದನ್ನು ಸರಿಸುವಾಗ ಒಮ್ಮೆ ಬಗ್ಗಿ ನೋಡಿದರು.

"ಅಯ್ಯೋ, ನಮ್ ಕರಿಯನ ಹಂಗೇ ಮಲ್ಗಿದೆ!"

"ಯಾರೇ ಅದು ಕರಿಯ?"

"ಹಿಂದಿನ್ ಗೇಟ್ ಹತ್ರ ಇರತ್ತಲ್ಲ. ದಿನಾ ಉಳಿದಿದ್ದ ಅನ್ನ ಹಾಕ್ತೀನಿ. ನಾಲ್ಕ್ ವರ್ಷ ಆಯ್ತು."

"ನಂಗೆ ಹೇಳ್ಲೇ ಇಲ್ಲ ನೀನು!"

"ಹೇಳಿದ್ರೆ ನಂಗೂ ದಿನಾ ಎರಡ್ ಸಲ ಸ್ನಾನ ಮಾಡಿಸ್ತಿದ್ರಿ." ಆಕೆ ಬೆರಳಿನಿಂದ ಚಿತ್ರದ ಕಿವಿಯನ್ನು ಮುಟ್ಟಿದರು. "ಇದು ನಾಯಿನಿದ್ದೆ ರೀ. ಕಣ್ಣು ಮುಚ್ಚಿರತ್ತೆ, ಕಿವಿ ಎದ್ದಿರತ್ತೆ. ಇಷ್ಟಕ್ಕೆ ಮೂರ್ ದಿನ ಊಟ ತಣ್ಣಗೆ ಮಾಡ್ಕೊಂಡ್ರಾ?"

ಶ್ರೀಕಂಠಯ್ಯನವರು ಚೌಕಗಳನ್ನು ನೋಡಿದರು. ಸರಿಹೊಂದಿತು.

"ಅತ್ತೆ ಹಾಸಿಗೆ ಹಿಡಿದಿದ್ದ ಆರು ವರ್ಷ ನಾನು ಮಲಗಿದ್ದೂ ಹಿಂಗೇ," ಎಂದರು ಆಕೆ, ಎಲೆಗೆ ನೀರು ಚಿಮುಕಿಸುತ್ತ. "ಅವ್ರು ಮಗ್ಗಲು ತಿರುಗಿದ್ರೂ ಎಚ್ಚರ ಆಗ್ತಿತ್ತು. ನಿಮಗೆಲ್ಲಿ ಗೊತ್ತಾಗ್ಬೇಕು, ನಿಮ್ಮ ಗೊರಕೆ ಬೀದಿ ದಾಟ್ತಿತ್ತು. ಏಳಿ, ಕೈ ತೊಳೀರಿ."

ಅವರು ಕೈ ತೊಳೆದು ಬಂದು ಊಟ ಮಾಡಿದರು.

ಐದೂ ಮುಕ್ಕಾಲಿಗೆ ಸೈಬರ್ ಸೆಂಟರಿನಲ್ಲಿ ಒಂದೇ ಬೆರಳಿನಿಂದ ಒಂಬತ್ತು ಉತ್ತರಗಳನ್ನೂ ಒತ್ತಿ ಮುಗಿಸಿದರು. ಉಳಿದದ್ದು ಕೊನೆಯ ಸಾಲು. ಬೆರಳು ನಿಂತಿತು. ಮನೆಯಲ್ಲಿ ಸತ್ಯನಾರಾಯಣ ಪೂಜೆಯ ಸಂಕಲ್ಪ ಹೇಳುವಾಗ ಹೆಂಡತಿ ಪಕ್ಕದಲ್ಲಿ ಕುಳಿತು ಕೈ ತಾಗಿಸದಿದ್ದರೆ ಅವರ ನಾಲಗೆ ಮುಂದಕ್ಕೆ ಹೋಗುತ್ತಿರಲಿಲ್ಲ. ದಂಪತಿಗಳು ಕೂಡಿ ಮಾಡಿದ್ದು ಒಂದೇ ಕರ್ಮ. ಹಾಗಾದರೆ ಇದೂ ಒಬ್ಬನೇ ಮಾಡಿದಂತೆ ಎಂದುಕೊಂಡರು. ಆ ವಾದ ಅಚ್ಚುಕಟ್ಟಾಗಿತ್ತು. ಆದರೆ ಆ ಆರು ವರ್ಷಗಳ ನಿದ್ದೆಯಲ್ಲಿ ತಮ್ಮ ಪಾಲು ಏನೂ ಇರಲಿಲ್ಲವೆಂಬುದು ಅವರಿಗೆ ಗೊತ್ತಿತ್ತು.

ಮುನಾವರ ಹಿಂದಿನಿಂದ ಇಣುಕಿದ. "ಹತ್ ನಿಮಿಷ ಐತೆ ಸಾರ್. ಏನ್ ನಿಲ್ಲಿಸ್ಬಿಟ್ರಿ?"

"ನಾನೊಬ್ನೇ ಬಿಡಿಸ್ಲಿಲ್ಲಪ್ಪ. ಮನೆಯವರು ಒಂದು ಹೇಳಿದ್ರು."

"ಅರೆ, ಅಮ್ಮನೋರೇ ಅಲ್ವಾ? ಯಾರ್ ನೋಡ್ತಾರೆ ಸಾರ್, ಹೊಡೀರಿ!"

ಅವರು ನಿಧಾನವಾಗಿ ಒತ್ತಿದರು: 'ಎಂಟನ್ನು ನಾನೊಬ್ಬನೇ ಬಿಡಿಸಿದ್ದೇನೆ. ಒಂಬತ್ತನೆಯದು ನನ್ನ ಪತ್ನಿ ಅಮ್ಮಣ್ಣಿಯದು.' ಕಳುಹಿಸಿ ಎದ್ದರು.

ಗುರುವಾರ ಪೀರಪ್ಪನವರ ಉತ್ತರವಿತ್ತು. ಶ್ರೀಕಂಠಯ್ಯನವರ ಒಂಬತ್ತೂ ಸರಿ, ಬಂದದ್ದೂ ಮೊದಲು. ಸರದಿ ಮಾತ್ರ ಆರಕ್ಕೆ ಐದು ನಿಮಿಷವಿರುವಾಗ ಕಳುಹಿಸಿದ ಶಿವಾಜಿನಗರದ ಶಿಕ್ಷಕಿ ಶಮೀಮ್ ಅವರಿಗೆ.

"ಹೋಯ್ತಾ ನಿಮ್ಮ ಸರದಿ?" ಎಂದರು ವಿಷಯ ಕೇಳಿದ ಅಮ್ಮಣ್ಣಿಯವರು. "ನನ್ನ ಹೆಸರು ಯಾಕ್ ಹಾಕಿದ್ರಿ ಮತ್ತೆ? ನಾನೇನ್ ಕೇಳಿದ್ನಾ?"

"ನೀನ್ ಯಾವತ್ತು ಏನ್ ಕೇಳಿದೀಯ," ಎಂದರು ಅವರು.

ಮುಂದಿನ ಭಾನುವಾರ ಅವರು ಎರಡು ಪ್ರತಿಗಳನ್ನು ತಂದರು. ಬಳಗಕ್ಕೆ ಆಕೆಯ ಹೆಸರನ್ನು ಸೇರಿಸಿ ಬಂದಿದ್ದರು. ನಿಯಮಕ್ಕೆ ಭಂಗ ಬಾರದಿರಲೆಂದು ಅವರು ಹಜಾರದಲ್ಲಿ ಕೂತರು, ಆಕೆ ಅಡಿಗೆಮನೆಯ ಕಟ್ಟೆಯ ಮೇಲೆ ಕಾಗದವಿಟ್ಟುಕೊಂಡರು. ನೀರು ಕುಡಿಯುವ ನೆಪದಲ್ಲಿ ಶ್ರೀಕಂಠಯ್ಯನವರು ಒಳಗೆ ಬಂದರೆ ಆಕೆ ತಟ್ಟೆಯನ್ನು ಕಾಗದದ ಮೇಲೆ ಕವುಚುತ್ತಿದ್ದರು.

ಸರದಿ ಆ ಮನೆಗೆ ಬರಲು ಇನ್ನೂ ಹದಿನಾಲ್ಕು ತಿಂಗಳು ಬೇಕಾಯಿತು. ಬಂದದ್ದು ಅಮ್ಮಣ್ಣಿಯವರ ಹೆಸರಿಗೆ. ಶ್ರೀಕಂಠಯ್ಯನವರು ಬೀರುವಿನಿಂದ ಡೈರಿಯನ್ನು ತೆಗೆದು ಮುಂದಿಟ್ಟರು. ಆಕೆ ಶಂಖ, ಜಾಗಟೆಗಳ ಪುಟವನ್ನು ನೋಡಿ, ಚೆನ್ನಾಗಿದೆಯೆಂದು ಹೇಳಿ, ಖಾಲಿ ಪುಟಕ್ಕೆ ತಿರುವಿದರು.

"ಚೌಕ ನೀವೇ ಹಾಕ್ಕೊಡಿ ರೀ. ನಂಗೆ ಗೆರೆ ನೆಟ್ಟಗೆ ಬರಲ್ಲ."

ಅವರು ಕನ್ನಡಕ ಹಾಕಿಕೊಂಡು ಸ್ಕೇಲು ಹುಡುಕಿದರು.