ಪಕ್ಕದ ಮನೆಯ ಸೈನಿಕನಿಗೆ ಬಂದ ಲಕೋಟೆ

ಮೊನ್ನೆ ಇಲ್ಲಿ ಅಮೆರಿಕದಲ್ಲಿ, ನಮ್ಮೂರು ವಾಲ್ನಟ್ ಕ್ರೀಕಿನ ಅಂಗಡಿಯೊಂದರಲ್ಲಿ ಯಾರೋ ಬೂಟ್ ಪಾಲಿಶಿನ ಡಬ್ಬಿ ತೆರೆದರು. ಆ ವಾಸನೆ ಮೂಗಿಗೆ ಬಡಿದದ್ದೇ ಗ್ರೋಸರಿ ಬುಟ್ಟಿ ಹಿಡಿದು ಅಲ್ಲೇ ನಿಂತುಬಿಟ್ಟೆ. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ತಾತ ನೆನಪಾದರು...

ಎಲ್ಲಿಗೂ ಹೋಗುವುದಿಲ್ಲದಿದ್ದರೂ ದಿನಾ ಬೆಳಿಗ್ಗೆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಬೂಟು ಉಜ್ಜುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮೈಸೂರಿನಿಂದ ಬಂದ ಹೊಸದರಲ್ಲಿ ನನಗೂ ಇಲ್ಲಿ ಯಾರೂ ಇರಲಿಲ್ಲ. ಈದ್‌ಗೆ ಶಾವಿಗೆ ಪಾಯಸ ಕೊಟ್ಟಲ್ಲಿಂದ ಮಾತು ಶುರುವಾಯಿತು.

ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಆರು ವರ್ಷದವರಿದ್ದಾಗ, ತಾಯಿ ಸತ್ತಳೆಂದು ಹೇಳಿ, ಅನಾಥಾಲಯದವರು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಕಳಿಸಿಬಿಟ್ಟರಂತೆ. ಅಲ್ಲಿ ಇನ್ನೊಂದು ಅನಾಥಾಲಯದಲ್ಲಿ ಕಲ್ಲು ಹೊತ್ತು, ಬೆಲ್ಟಿನ ಏಟು ತಿಂದು ಬೆಳೆದರು. ದೊಡ್ಡವರಾದ ಮೇಲೆ ಅಲ್ಲಿನ ಸೈನ್ಯ ಸೇರಿದರು. "ಸೈನ್ಯ ಸುಖವಾಗಿತ್ತು, ಊಟಕ್ಕೆ ಮೊದಲು ಹೊಡೆಯುತ್ತಿರಲಿಲ್ಲ" ಎಂದು ನಗುತ್ತಿದ್ದರು. ವಿಯೆಟ್ನಾಮಿನ ಯುದ್ಧಕ್ಕೆ ಹೊರಡುವಾಗ, ಸತ್ತರೆ ಯಾರಿಗೆ ತಿಳಿಸಬೇಕೆಂದು ಕೇಳಿದ ಫಾರ್ಮಿನಲ್ಲಿ "ಯಾರೂ ಇಲ್ಲ" ಎಂದು ಬರೆದರಂತೆ. ಗಾಯಗೊಂಡಾಗ ಆರೈಕೆ ಮಾಡಿದ ಅಮೆರಿಕದ ನರ್ಸನ್ನೇ ಮದುವೆಯಾಗಿ ಇಲ್ಲಿಗೆ ಬಂದರು.

ಒಂದು ಮಧ್ಯಾಹ್ನ ದಪ್ಪ ಲಕೋಟೆ ಹಿಡಿದು ಬಂದರು. ಬಾಲ್ಯದ ದಾಖಲೆ ಬೇಕೆಂದು ಇಂಗ್ಲೆಂಡಿನ ಆ ಅನಾಥಾಲಯಕ್ಕೆ ಯಾವಾಗಲೋ ಅರ್ಜಿ ಹಾಕಿದ್ದರಂತೆ. ಕಣ್ಣು ಮಂಜಾಗಿತ್ತು. "ಓದಿ ಹೇಳ್ತೀಯಾ?" ಎಂದರು.

ಮೂರನೆಯ ಹಾಳೆಯನ್ನು ಎರಡು ಸಲ ಓದಿದೆ. ತಾಯಿ ಸತ್ತಿರಲಿಲ್ಲ. ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದಳು. ವಾಸಿಯಾಗಿ ಮಗನನ್ನು ಕರೆದೊಯ್ಯಲು ಬಂದವಳಿಗೆ, ಒಳ್ಳೆಯ ಮನೆಯವರು ದತ್ತು ತೆಗೆದುಕೊಂಡರೆಂದು ಹೇಳಿ ಕಳಿಸಿದ್ದರು. ಆಮೇಲೆ ಅವಳು ಬರೆದ ಕಾಗದದ ನಕಲೂ ಇತ್ತು: "ಅವನಿಗೆ ಕಿವಿನೋವು ಬರುತ್ತೆ. ಚಳಿಗೆ ಟೋಪಿ ಹಾಕಬೇಕು ಅಂತ ಆ ಮನೆಯವರಿಗೆ ತಿಳಿಸಿ."

"ಈಗ ಎಲ್ಲಿದ್ದಾಳೆ?"

ಎಂಬತ್ತರ ಹತ್ತಿರದ ಮನುಷ್ಯ ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಯ ಹಾಳೆಯಲ್ಲಿ ಅವಳು ತೀರಿಕೊಂಡ ವರ್ಷವಿತ್ತು. ಆಗ ಅವರಿಗೆ ಐವತ್ತು ದಾಟಿತ್ತು. ಅವರು ಯುದ್ಧದಲ್ಲಿದ್ದಾಗ, ಮದುವೆಯಾದಾಗ, ಈ ಊರಲ್ಲಿ ಮನೆ ಮಾಡಿದಾಗ... ಅವಳು ಇದ್ದಳು.

"ಆ ಫಾರ್ಮಿನಲ್ಲಿ ಸುಳ್ಳು ಬರೆದುಬಿಟ್ಟೆ" ಎಂದರು.

"ನಿಮಗೆ ಗೊತ್ತಿರಲಿಲ್ಲವಲ್ಲ" ಎಂದೆ. ಡೇಕೇರಿನಿಂದ ಬಂದಿದ್ದ ನನ್ನ ಮಗಳು "ಅಮ್ಮಿ, ವೈ ಈಸ್ ಹಿ ಕ್ರೈಯಿಂಗ್?" ಎಂದು ಕೇಳಿದಳು.

ಇಂಗ್ಲೆಂಡಿಗೆ ಹೋಗಿ ತಾಯಿಯ ಸಮಾಧಿಯನ್ನಾದರೂ ನೋಡಬೇಕೆಂದು ಹಟ ಹಿಡಿದರು. ಅವರ ಹೃದಯ ವಿಮಾನಪ್ರಯಾಣ ತಡೆಯುವುದಿಲ್ಲವೆಂದು ಡಾಕ್ಟರು ಹೇಳಿದರು. ಆಮೇಲೆ ಆಗಾಗ ಬಂದು, ಆ ಕಿವಿನೋವಿನ ಸಾಲನ್ನಷ್ಟೇ ಓದಿಸಿಕೊಂಡು ಹೋಗುತ್ತಿದ್ದರು. ಹೋದ ಚಳಿಗಾಲದಲ್ಲಿ, ಇಲ್ಲೇ ಹತ್ತಿರದ ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಕೊನೆಯ ಬಾರಿ ಓದಿದೆ. ಕೇಳಿಸಿತೋ ಇಲ್ಲವೋ...

ಆ ಲಕೋಟೆ ಈಗ ನನ್ನ ಬೀರುವಿನಲ್ಲಿದೆ. ಆಸ್ಟ್ರೇಲಿಯಾದ ಮಾಜಿ ಸೈನಿಕರ ಕಚೇರಿಗೆ ಬರೆದು ಕೇಳಿದರೆ, ಸೈನ್ಯದ ಕಾಗದವಾದರೆ ಮಾತ್ರ ಇಟ್ಟುಕೊಳ್ಳುತ್ತೇವೆ ಎಂದರು. ಎಸೆಯಲು ಮನಸ್ಸು ಬರುವುದಿಲ್ಲ. ಯಾರಿಗೆ ಕೊಡಬೇಕೋ ಗೊತ್ತಿಲ್ಲ.