ಬಾಗಲಕೋಟೆಯ ಸೀಟು, ಅತ್ತೆಯ ಮಗ್ಗ

ಮಗಳಿಗೆ ಬಾಗಲಕೋಟೆಯ ಹೈಸ್ಕೂಲಿನಲ್ಲಿ ಎಂಟನೆಯ ತರಗತಿಗೆ ಸೀಟು ಸಿಕ್ಕಿದ ಸುದ್ದಿ ನನಗಿಂತ ಮೊದಲು ನಮ್ಮ ಓಣಿಗೆ ಗೊತ್ತಾಗಿತ್ತು. ಇಳಕಲ್‌ನಲ್ಲಿ ಇದು ಹೊಸದಲ್ಲ. ನಮ್ಮ ಮನೆಯಲ್ಲಿ ಹಾಲು ಒಡೆದರೆ ಓಣಿಯ ಆ ತುದಿಯವರು ಸಕ್ಕರೆ ಹಾಕಿ ಕುದಿಸಿರಿ ಎಂದು ಹೇಳಿ ಕಳಿಸುತ್ತಾರೆ.

ಅದು ಪರೀಕ್ಷೆ ಬರೆಸಿ ಮಕ್ಕಳನ್ನು ಆರಿಸಿಕೊಳ್ಳುವ ಶಾಲೆ. ಹಾಸ್ಟೆಲ್ ಇಲ್ಲ. ಬೆಳಿಗ್ಗೆ ಬೇಗ ಶುರು, ಸಂಜೆ ತಡವಾಗಿ ಬಿಡುವುದು. ಇಲ್ಲಿಂದ ದಿನಾ ಹೋಗಿಬರುವುದು ಆಗದ ಮಾತು, ಏಕೆಂದರೆ ಬಸ್ಸು ಹುನಗುಂದದಲ್ಲಿ ನಿಂತಿತೆಂದರೆ ಡ್ರೈವರ್ ಚಹಾ ಕುಡಿದು, ಕಂಡಕ್ಟರ್ ಎಲೆ ಅಡಿಕೆ ಹಾಕಿಕೊಂಡು, ಇಬ್ಬರೂ ಲೋಕದ ಸುದ್ದಿ ಮುಗಿಸಿದ ಮೇಲೆಯೇ ಹೊರಡುವುದು. ಸೀಟು ಬೇಕೆಂದರೆ ಶಾಲೆ ಶುರುವಾಗುವ ಸೋಮವಾರದೊಳಗೆ ನಾವು ಬಾಗಲಕೋಟೆಯಲ್ಲಿ ಮನೆ ಮಾಡಿರಬೇಕು. ಇಲ್ಲದಿದ್ದರೆ ಅದು ಬೇರೆ ಮಗುವಿಗೆ ಹೋಗುತ್ತದೆ.

ನಮ್ಮ ಓಣಿಯ ಶಾಲೆಗೆ ಏನಾಗಿದೆ ಎಂದು ಎಲ್ಲರೂ ಕೇಳಿದರು. ಏನೂ ಆಗಿಲ್ಲ, ಅದೇ ತೊಂದರೆ. ಗಣಿತದ ಮಾಸ್ತರರಿಲ್ಲ. ಆಟದ ಮಾಸ್ತರರೇ ಗಣಿತ ಹೇಳುತ್ತಿದ್ದರು, ಲೆಕ್ಕ ತಪ್ಪಿದವರಿಗೆ ಮೈದಾನ ಸುತ್ತು ಹಾಕಿಸುತ್ತಿದ್ದರು. ಮಾಸ್ತರರ ಲೆಕ್ಕವೇ ತಪ್ಪಿದೆ ಎಂದು ನನ್ನ ಮಗಳು ತೋರಿಸಿಕೊಟ್ಟಳು. ಆ ದಿನ ಅವಳೂ ಸುತ್ತು ಹಾಕಿ ಬಂದಳು.

"ಹೆಣ್ಣ ಹುಡುಗಿ ಸಾಲಿ ಸಲುವಾಗಿ ಮನಿ ಕಿತ್ತಗೊಂಡು ಹೊಂಟೀರೇನ್ರಿ?" ಎಂದಳು ಎದುರುಮನೆಯಾಕೆ.

"ಗಂಡಹುಡುಗ ಇದ್ದಿದ್ರ ನೀವು ಗಾಡಿ ಹೂಡಿ ಕೊಡ್ತಿದ್ರಿ," ಎಂದೆ. ಅಲ್ಲಿಂದ ಆಕೆ ನನ್ನ ಜತೆ ಮಾತು ಬಿಟ್ಟಳು. ನನಗೂ ಕೆಲಸಕ್ಕೆ ಸಮಯ ಸಿಕ್ಕಿತು.

ನನ್ನ ಗಂಡ ಗ್ರಾನೈಟ್ ಲಾರಿ ಓಡಿಸುತ್ತಾರೆ. ವಾರದಲ್ಲಿ ಹೆಚ್ಚು ದಿನ ಮನೆಯಲ್ಲಿ ಇರುವುದಿಲ್ಲ. ಇದ್ದಾಗ ಒಂದು ಕಡೆ ತಾಯಿ, ಇನ್ನೊಂದು ಕಡೆ ನಾನು. ಕಲ್ಲುಗಳ ಜತೆ ಇರುವುದೇ ಸುಖವೆಂದು ಅವರಿಗೆ ಅನಿಸಿದ್ದರೆ ತಪ್ಪಿಲ್ಲ. ಮನೆ ಬದಲಾಯಿಸುವ ಮಾತು ತೆಗೆದಾಗ ಅವರು ಹೇಳಿದ್ದು ಇಷ್ಟೇ: "ನಂದೇನು, ಲಾರಿ ಎಲ್ಲಿ ನಿಂದರ್ತದೋ ಅದಽ ನನ್ನ ಮನಿ. ಯವ್ವನ್ನ ಒಂದ ಮಾತ ಕೇಳು."

ಯವ್ವ ಅಂದರೆ ನನ್ನ ಅತ್ತೆ. ಕೇಳುವ ಮೊದಲೇ ಅವರ ಉತ್ತರ ತಯಾರಿತ್ತು.

"ಮಗ್ಗ ಎಲ್ಲಿ ಇಳೀತದೋ ನಾ ಅಲ್ಲಿ. ಮಗ್ಗ ಬರಂಗಿಲ್ಲಂದ್ರ ನಾನೂ ಬರಂಗಿಲ್ಲ."

ಹೊರಗಿನವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ನಮ್ಮದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂಡಬೇಕು. ನಮ್ಮ ಪಡಸಾಲೆಯ ಅರ್ಧ ಅದರದ್ದೇ. ಮಂಚ ತಳ್ಳಿದ ಹಾಗೆ ತಳ್ಳಿಕೊಂಡು ಹೋಗುವ ಸಾಮಾನಲ್ಲ, ಹೋದಲ್ಲಿ ನೆಲ ಅಗೆಯಲೇಬೇಕು. ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೋಗುವ ಹಾಗೂ ಇರಲಿಲ್ಲ, ಮೊಣಕಾಲು ಅಷ್ಟು ಕೆಟ್ಟಿದ್ದವು. ಹೋದರೆ ಎಲ್ಲರೂ, ಇದ್ದರೆ ಎಲ್ಲರೂ.

ಸರಿ, ಬಾಗಲಕೋಟೆಯ ನವನಗರದಲ್ಲಿ ಮನೆ ನೋಡಲು ಗಂಡನ ಜತೆ ಹೋದೆ. ಅಲ್ಲಿ ನನ್ನ ಗಂಡ ಮಾಡಿದ ಕೆಲಸ ನೇಕಾರನ ಹೊಟ್ಟೆಯಲ್ಲಿ ಹುಟ್ಟಿದವನು ಮಾತ್ರ ಮಾಡಿಯಾನು. ಮೊದಲ ಮನೆಯ ಮಾಲೀಕರು ಬಾಗಿಲು ತೆರೆದು ಬರ್ರಿ ಅಂದರೋ ಇಲ್ಲವೋ, ಈ ಪುಣ್ಯಾತ್ಮ ಬಾಡಿಗೆ ಕೇಳಲಿಲ್ಲ, ನೀರು ಬರುತ್ತದೋ ಇಲ್ಲವೋ ಕೇಳಲಿಲ್ಲ. ಕಾಲಿನಿಂದ ನೆಲ ಗುದ್ದಿ ನೋಡಿ, "ಇದನ್ನ ಎಷ್ಟು ಆಳ ತೋಡಬಹುದ್ರಿ?" ಎಂದರು.

ಮಾಲೀಕರು ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದರು.

"ನಿಧಿ ತಗೀಲಿಕ್ಕೆ ಬಂದೀರೇನು?"

ಅವರ ತಪ್ಪಿಲ್ಲ. ಬಾದಾಮಿ ಕಡೆ ಹಳೆಯ ಗುಡಿ ಕಂಡಲ್ಲೆಲ್ಲ ನಿಂಬೆಹಣ್ಣು ಹಿಡಿದು ನಿಧಿ ಅಗೆಯಲು ಹೋಗುವವರ ಕಥೆ ಎಲ್ಲರೂ ಕೇಳಿದವರೇ. ಆದರೆ ನವನಗರದಲ್ಲಿ ಅಗೆದರೆ ಏನು ಸಿಕ್ಕೀತು, ಒಡೆದ ನೀರಿನ ಪೈಪು. ನಾನು ಅದನ್ನೇ ಹೇಳಿದೆ. ಅವರು ಬಾಗಿಲು ಹಾಕಿಕೊಂಡರು. ಎರಡನೆಯ ಮನೆಯಲ್ಲಿ ಬಾಯಿ ತೆರೆಯಬೇಡಿ ಎಂದು ಗಂಡನಿಗೆ ತಾಕೀತು ಮಾಡಿದೆ. ಅವರು ಬಾಯಿ ತೆರೆಯಲಿಲ್ಲ, ಆದರೆ ಮತ್ತೆ ನೆಲ ಗುದ್ದಿದರು. ಹೊಳೆಯುವ ಟೈಲ್ಸ್ ಹಾಕಿಸಿದ್ದ ಆ ಮನೆಯಾಕೆಗೆ ಎದೆ ಒಡೆಯುವುದೊಂದೇ ಬಾಕಿ.

ಕೊನೆಗೆ ಒಬ್ಬ ಅಜ್ಜಿಯ ಮನೆ ಸಿಕ್ಕಿತು. ಮುಂದೆ ಎರಡು ಕೋಣೆ, ಹಿಂದೆ ಮಣ್ಣು ನೆಲದ ತಗಡಿನ ಶೆಡ್ಡು. ನಾನೇ ಹೆದರುತ್ತ ಮಗ್ಗದ ಮಾತು ತೆಗೆದೆ.

"ತೋಡ್ರಿ," ಎಂದರು ಅಜ್ಜಿ. "ಹಳೇ ಊರಾಗ ನಮ್ಮ ಮನೀನ ಡ್ಯಾಮಿನ ನೀರಾಗ ಹೋತು. ಒಂದ ಕುಣಿಗೆ ನಾ ಏನ ಅನ್ನಲಿ?"

ನಾನು ಕುಣಿದಾಡುವುದೊಂದು ಬಾಕಿ. ಮನೆಗೆ ಬಂದು ಅತ್ತೆಯ ಮುಂದೆ ಗೆದ್ದ ಪೈಲ್ವಾನನ ಹಾಗೆ ನಿಂತು ಹೇಳಿದೆ. ಅವರು "ಚಲೋ ಆತು" ಎಂದರು, ಅಷ್ಟೇ. ಇಷ್ಟು ಸುಲಭವಾಗಿ ಅತ್ತೆ ಸೋಲುವವರಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಮರುದಿನ ಬೆಳಿಗ್ಗೆ ಕರೆದರು. "ಬಾ ಇಲ್ಲೆ, ಒಂದೀಟ ಎಳಿ ಹಿಡಿ."

ಇಳಕಲ್ ಸೀರೆಯಲ್ಲಿ ಸೆರಗಿನ ಎಳೆ ಬೇರೆ, ಒಡಲಿನ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಒಬ್ಬರಿಂದ ಆಗುವುದಿಲ್ಲ, ಎಳೆ ಕೊಡಲು ಇನ್ನೊಬ್ಬರು ಬೇಕು. ನಾನು ಕೂತೆ. ನಡು ನೋಯುವ ತನಕ ಎಳೆ ಕೊಟ್ಟೆ. ಕೊನೆಯ ಕೊಂಡಿ ಬಿದ್ದಾಗ ಅತ್ತೆಯ ಮುಖದಲ್ಲಿ ಸಣ್ಣ ನಗು ಕಂಡಿತು. ಆಗ ನನ್ನ ತಲೆಗೆ ಹೋಯಿತು. ಒಮ್ಮೆ ಹಾಸು, ಅಂದರೆ ಉದ್ದದ ಎಳೆಗಳು, ಮಗ್ಗಕ್ಕೆ ಏರಿತೆಂದರೆ ಸೀರೆ ಮುಗಿಯುವ ತನಕ ಮಗ್ಗ ಕದಲಿಸುವಂತಿಲ್ಲ, ಹಾಸು ಕತ್ತರಿಸುವಂತಿಲ್ಲ. ಇದು ನಮ್ಮ ಮನೆಯ ಕಟ್ಟಳೆ. ಅದರಲ್ಲೂ ಇದು ಯಾರದೋ ಮದುವೆಯ ಸೀರೆ, ನಡುವೆ ಹರಿದರೆ ಉಡುವವಳ ಸಂಸಾರಕ್ಕೆ ಒಳ್ಳೆಯದಲ್ಲವಂತೆ. ಅತ್ತೆ ಕೋರ್ಟು ಕಚೇರಿ ಹತ್ತದೆ ತಡೆಯಾಜ್ಞೆ ತಂದಿದ್ದರು. ಅದಕ್ಕೆ ದಿನವಿಡೀ ಎಳೆ ಕೊಟ್ಟ ಪೆದ್ದಿ ನಾನು.

ಆಮೇಲೆ ಅವರು ನೇಯ್ದ ರೀತಿ ನೋಡಬೇಕಿತ್ತು. ನಾಲ್ಕು ಸಲ ಲಾಳಿ ಎಸೆದು ನೀರು ಕುಡಿಯುವುದು. ಇನ್ನು ನಾಲ್ಕು ಸಲ ಎಸೆದು ಯಾರದೋ ಮದುವೆಯಲ್ಲಿ ಮಾದಲಿಗೆ ತುಪ್ಪ ಕಡಿಮೆ ಬಿದ್ದದ್ದನ್ನು ನೆನೆಯುವುದು. ಊಟವಾದ ಮೇಲೆ ನಿದ್ದೆ. ಸೋಮವಾರ ಹತ್ತಿರ ಬರುತ್ತಿತ್ತು, ಸೀರೆ ಮೊಳದಷ್ಟೂ ಮುಂದೆ ಹೋಗುತ್ತಿರಲಿಲ್ಲ.

ಶುಕ್ರವಾರ ನನ್ನ ತಾಳ್ಮೆ ತಪ್ಪಿತು. "ಬಿಡ್ರಿ ಅತ್ತಿ. ಬ್ಯಾಡ ಅನ್ನೂದಿದ್ರ ಬಾಯಿಲೆ ಅನ್ನಬೇಕಿತ್ತು. ಹಿಂಗ ಯಾಕ ಕೊಲ್ತೀರಿ?"

"ನಾ ಎಲ್ಲಿ ಬ್ಯಾಡ ಅಂದೇನಿ? ಸೀರಿ ಮುಗೀಲಿ, ಹೋಗೂಣು."

"ಸೀರಿ ಮುಗಿಯೂದ್ರಾಗ ನಿಮ್ಮ ಮೊಮ್ಮಗಳ ಮದಿವಿನ ಆಗಿ ಹೋಗ್ತದ. ನಾವು ಎಲ್ಲೂ ಹೋಗಂಗಿಲ್ಲ. ನೀವು ಗೆದ್ರಿ."

ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು "ಹಂಗಾರ ಬಿಡವ್ವಾ" ಎಂದು ಒಳಗೆ ಹೋದಳು. ಅಷ್ಟು ಸಂಕಟ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಶನಿವಾರ ಮಧ್ಯಾಹ್ನ ಸಂತೆಯಿಂದ ಬರುವಾಗ ಓಣಿಯ ತಿರುವಿನಲ್ಲೇ ನಮ್ಮ ಮಗ್ಗದ ಸದ್ದು ಕೇಳಿತು. ಅತ್ತೆಯ ಸದ್ದಲ್ಲ, ಬೇಗ ಬೇಗ, ನಿಲ್ಲದೆ. ಒಳಗೆ ಬಂದು ನೋಡಿದರೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗಳು ಕೂತಿದ್ದಳು. ಆಗಷ್ಟೇ ನಿದ್ದೆಯಿಂದ ಎದ್ದ ಅತ್ತೆ ಗೋಡೆ ಹಿಡಿದು ನಿಂತಿದ್ದರು.

"ಯಾರು ಕಲಿಸಿದ್ರು ನಿನಗ?" ಎಂದು ಕೇಳಿದರು.

"ಯಾರೂ ಇಲ್ಲ ಆಯಿ, ನಿನ್ನ ನೋಡಿ ನೋಡಿ ಬಂತು," ಎಂದಳು ಮಗಳು. ಕೈ ನಿಲ್ಲಿಸಲಿಲ್ಲ. "ಸಾಲಿ ಅಂತೂ ಹೋತು. ಇದನ್ನರ ಕಲೀತೇನಿ. ಚಲೋ ಬಂದದೇನು ನೋಡು."

ಅತ್ತೆ ಬಗ್ಗಿ, ನೇಯ್ದ ಬಟ್ಟೆಯ ಮೇಲೆ ಬೆರಳಾಡಿಸಿದರು. ಅಂಚು ಎಲ್ಲೂ ಸೊಟ್ಟ ಹೋಗಿರಲಿಲ್ಲ. ನಾನು ಇಷ್ಟು ವರ್ಷ ಆ ಮನೆಯಲ್ಲಿದ್ದರೂ ನನಗೆ ಹಾಗೆ ಬರುವುದಿಲ್ಲ.

"ಭಾಳ ಚಲೋ ಬಂದದ," ಎಂದರು. "ನಂದೂ ಹಿಂಗಽ ಬಂದಿತ್ತು. ಸಾಲ್ಯಾಗ ಏಳನೇತ್ತೆ ಇದ್ದೆ. ಇಷ್ಟು ಚಲೋ ನೇಯ್ತಾಳ, ಈಕಿಗೆ ಸಾಲಿ ಯಾಕ ಅಂದ ನಮ್ಮಪ್ಪ."

ಅತ್ತೆ ಶಾಲೆಗೆ ಹೋಗಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ. ಅವರ ಮಗನಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಾನು ಏನಾದರೂ ಹೇಳುವ ಮೊದಲೇ ಅವರು ಗೂಡಿನಲ್ಲಿದ್ದ ಬ್ಲೇಡು ತೆಗೆದುಕೊಂಡು, ಬಿಗಿದು ನಿಂತಿದ್ದ ಹಾಸಿನ ಮೇಲೆ ಈ ಕಡೆಯಿಂದ ಆ ಕಡೆಗೆ ಎಳೆದುಬಿಟ್ಟರು. ಎಳೆಗಳೆಲ್ಲ ಸಡಿಲಾಗಿ ಮಗಳ ತೊಡೆಯ ಮೇಲೆ ಬಿದ್ದವು.

"ಆಯಿ, ಯಾರದೋ ಮದಿವಿ ಸೀರಿ ಅದು," ಎಂದಳು ಮಗಳು.

"ಆಕಿಗೆ ಬಾಗಲಕ್ವಾಟ್ಯಾಗ ಕೂತು ಬ್ಯಾರೇದು ನೇಯ್ದು ಕೊಡ್ತೇನಿ," ಎಂದರು ಅತ್ತೆ. "ನೀ ಮೊದಲ ಮ್ಯಾಲ ಬಾ. ಇನ್ನೊಮ್ಮೆ ಆ ಕುಣ್ಯಾಗ ಇಳಿದಿ ಅಂದ್ರ ಕಾಲ ಮುರೀತೇನಿ."